ಕಟ್ಟೆ ಒಣಗುವ ತನಕ

ಜೂನ್ ೧೨, ಗುರುವಾರ

ನಾಲ್ಕು ದಿನ ಸಲೈನ್ ಏರಿಸಿಕೊಂಡ ಅತ್ತೆ ಇವತ್ತು ನವಲಗುಂದದ ಆಸ್ಪತ್ರೆಯಿಂದ ತಿರ್ಲಾಪುರಕ್ಕೆ ವಾಪಸು ಬಂದರು. ವಾಂತಿ-ಭೇದಿಗೆ ದೇಹ ಅರ್ಧ ಇಳಿದಿದೆ, ನಾಲಿಗೆ ಪೂರ್ತಿ ಉಳಿದಿದೆ. ಟಂಟಂ ಗಾಡಿಯಿಂದ ಇಳಿಯುತ್ತಲೇ, "ನಾ ಇಲ್ಲದಾಗ ಜಳಕಾ ಮಾಡಲಾರದ ಒಲಿ ಮುಟ್ಟೀಯೇನು?" ಎಂದು ಕೇಳಿದರು.

ಡಾಕ್ಟರು ಹೇಳಿದ್ದು ಇಷ್ಟು. ಅಡುಗೆಮನೆ ಚೊಕ್ಕಟ ಇರಬೇಕು. ಅತ್ತೆಗೆ ದಮ್ಮು ಇರುವುದರಿಂದ ಫಿನೈಲು, ಬ್ಲೀಚಿಂಗ್ ಪುಡಿ ಹತ್ತಿರ ತರಬಾರದು. ಈಗ ತೂಕ ನಲವತ್ತೊಂದು ಕಿಲೋ. ಮೂವತ್ತೆಂಟಕ್ಕಿಂತ ಕೆಳಗೆ ಹೋದರೆ ಹುಬ್ಬಳ್ಳಿಗೆ ಸೇರಿಸಬೇಕು, ಈ ವಯಸ್ಸಿನಲ್ಲಿ ಆಮೇಲೆ ಏನಾಗುತ್ತದೋ ಹೇಳಲಾಗುವುದಿಲ್ಲ. ಏನು ತಿಂದರು, ಎಷ್ಟು ತೂಗಿದರು ಎಂದು ಒಂದು ವಹಿಯಲ್ಲಿ ಬರೆದಿಡಿ ಎಂದರು. ಅತ್ತೆ ತಿನ್ನುವುದು ಎರಡು ಸಾಲಿಗೆ ಮುಗಿಯುತ್ತದೆ. ಉಳಿದ ಪುಟ ಖಾಲಿ ಬಿಡುವುದು ಯಾಕೆಂದು ನನ್ನದನ್ನೂ ಬರೆಯುತ್ತಿದ್ದೇನೆ. ಯಾರಾದರೂ ಓದಿದರೆ ನಾನು ತವರಿಗೆ ಹೋಗುವುದೇ ಸರಿ.

ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಮಡಿ ಕಂಡಿದ್ದೇನೆ. ಜಳಕ, ಲಿಂಗಪೂಜೆ ಆಗದೆ ಒಲೆ ಮುಟ್ಟುವಂತಿಲ್ಲ. ಹೊರಗಿನವರು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಮೊಸರಿನ ಗಡಿಗೆಯ ಹತ್ತಿರ ನನ್ನ ನೆರಳೂ ಬೀಳುವಂತಿಲ್ಲ, ಯಾಕೆಂದರೆ ಅದರೊಳಗಿನ ಹೆಪ್ಪು ನಲವತ್ತು ವರ್ಷದ್ದಂತೆ, ಅತ್ತೆ ತವರಿನಿಂದ ತಂದದ್ದಂತೆ, ಒಮ್ಮೆಯೂ ಇನ್ನೊಬ್ಬರ ಮನೆಯಿಂದ ಇಸಿದುಕೊಂಡಿಲ್ಲವಂತೆ. ಇಷ್ಟು ಮಡಿಯ ಅಡುಗೆಮನೆಯಲ್ಲೇ ಉಂಡು ಅತ್ತೆಗೆ ಭೇದಿ ಹತ್ತಿತು. ಆಸ್ಪತ್ರೆಯಲ್ಲಿ ನನಗೆ ನಗು ಬಂದಿತ್ತು, ಸಲೈನ್ ಬಾಟಲಿ ನೋಡಿ ನುಂಗಿಕೊಂಡೆ.

ಜೂನ್ ೧೬, ಸೋಮವಾರ

ತೂಕದ ಯಂತ್ರ ಈ ಓಣಿಯಲ್ಲಿ ಇರುವುದು ಒಂದೇ, ಬಾಜು ಮನೆಯ ಅಲ್ಲಾಭಕ್ಷನದು. ಆತ ಒಣಮೆಣಸಿನಕಾಯಿ ವ್ಯಾಪಾರಿ. ಚೀಲ ತೂಗುವ ಕಾಂಟಾದ ಮೇಲೆ ಅತ್ತೆಯನ್ನು ನಿಲ್ಲಿಸಿದೆವು. ನಲವತ್ತೊಂದು.

"ಅಕ್ಕಾರು ಒಣಗ್ಯಾರ ಖರೆ, ಖಾರ ಏನೂ ಕಮ್ಮಿ ಆಗಿಲ್ಲ" ಎಂದು ಅಲ್ಲಾಭಕ್ಷ ನಕ್ಕ. ಅವನ ಹೆಂಡತಿ ಜುಲೇಖಾಬಿ ಒಳಗಿನಿಂದ ಬಂದು ಅತ್ತೆಯ ಕೈ ಹಿಡಿದು ಇಳಿಸಿದರು. ಅತ್ತೆ ಮನೆಗೆ ಬಂದು ಕೈ ತೊಳೆದುಕೊಂಡರು. ಇದು ಮೂಢತನ ಅಲ್ಲದೆ ಮತ್ತೇನು?

ಜೂನ್ ೧೯, ಗುರುವಾರ

ಪಿಯುಸಿಯಲ್ಲಿ ನನ್ನ ಜೊತೆ ಕಲಿತ ಸವಿತಾ ಈಗ ಹುಬ್ಬಳ್ಳಿಯಲ್ಲಿ ಸ್ವಚ್ಛತೆಯ ಸಾಮಾನು ಮಾರುತ್ತಾಳೆ. ನನ್ನ ಕಷ್ಟ ಕೇಳಿ ಬಸ್ಸಿಗೆ ಹಾಕಿ ಕಳಿಸಿದಳು: 'ಹಸಿರುಕವಚ'. ಗಿಡಮೂಲಿಕೆಯಿಂದ ಮಾಡಿದ ಕ್ರಿಮಿನಾಶಕ, ರಾಸಾಯನಿಕ ಇಲ್ಲ, ದಮ್ಮಿನವರಿಗೆ ತೊಂದರೆ ಇಲ್ಲ. ಬಾಟಲಿಯ ಮೇಲೆ ಒಂದು ಹಸಿರು ಎಲೆ, ಅದರ ಕೆಳಗೆ ನಗುವ ಹೆಂಗಸು. ಅಡುಗೆಮನೆಯಲ್ಲಿ ನಿಂತು ಅಷ್ಟು ನಗುವವಳನ್ನು ನಾನಂತೂ ಕಂಡಿಲ್ಲ.

ಒಲೆಯ ಕಟ್ಟೆಗೆ ಹೊಡೆದೆ. ಅದರೊಳಗೆ ಇರುವುದು ಅಜವಾನದ, ಅಂದರೆ ಓಂಕಾಳಿನ, ಎಣ್ಣೆಯಂತೆ, ಮನೆಯೆಲ್ಲ ಅದೇ ವಾಸನೆ. ಒಳಗೆ ಮಲಗಿದ್ದ ಅತ್ತೆ ಕೂಗಿದರು: "ಯಾರು ಹಡದಾರ ಬೇ? ಬಾಣಂತಿ ಕ್ವಾಣಿ ನಾರಿದಂಗ ನಾರತೈತಿ!"

ದಮ್ಮು ಏಳಲಿಲ್ಲ, ಕೆಮ್ಮು ಬರಲಿಲ್ಲ. ಸವಿತಾ ಹೇಳಿದ ಒಂದೇ ಒಂದು ನಿಯಮ: ಹೊಡೆದ ಮೇಲೆ ಹತ್ತು ನಿಮಿಷ ಕಟ್ಟೆ ಒದ್ದೆಯಾಗಿಯೇ ಇರಬೇಕು, ಆಗ ಮಾತ್ರ ಹುಳ ಸಾಯುತ್ತವೆ. ಅದಕ್ಕಿಂತ ಮೊದಲು ಒರೆಸಿದರೆ ಹುಳಗಳಿಗೆ ಜಳಕ ಮಾಡಿಸಿದ ಹಾಗೆ ಅಷ್ಟೇ. ಗಡಿಯಾರ ತಂದು ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದೇನೆ.

ಜೂನ್ ೨೩, ಸೋಮವಾರ

ನಲವತ್ತೂವರೆ. ಅರ್ಧ ಕಿಲೋ ಇಳಿದಿದೆ. ಮೊದಲ ವಾರ, ಪರವಾಗಿಲ್ಲ.

ಈಗ ಬೆಳಿಗ್ಗೆ ಒಮ್ಮೆ, ರೊಟ್ಟಿಗೆ ಮೊದಲು ಒಮ್ಮೆ, ರೊಟ್ಟಿ ಆದ ಮೇಲೆ ಒಮ್ಮೆ, ಸಂಜೆ ಒಮ್ಮೆ ಹೊಡೆಯುತ್ತೇನೆ. ಆ ಹತ್ತು ನಿಮಿಷ ಯಾರೂ ಒಳಗೆ ಬರುವಂತಿಲ್ಲ. ಅತ್ತೆ ಇವತ್ತು ತಾಟು ಹಿಡಿದುಕೊಂಡು ಹೊಸ್ತಿಲ ಹೊರಗೆ ನಿಂತಿದ್ದರು. ಇನ್ನೂ ಏಳು ನಿಮಿಷ ಇತ್ತು.

"ಹಸಿವ್ಯಾಗೈತಿ, ರೋಹಿಣಿ."

"ಕಟ್ಟಿ ಇನ್ನೂ ಹಸಿ ಐತ್ರಿ ಅತ್ತಿ. ಏಳ ನಿಮಿಷ ತಡೀರಿ."

"ನಾ ಒದ್ದಿ ಸೀರಿ ಉಟಗೊಂಡು ಮಡಿ ಮಾಡಿದೆ. ನೀ ಕಟ್ಟಿಗೆ ಒದ್ದಿ ಸೀರಿ ಉಡಸಿ ಮಡಿ ಮಾಡಾಕತ್ತೀ."

ಹೋಲಿಕೆ ಎಷ್ಟು ತಪ್ಪು ಎಂದು ಈ ವಯಸ್ಸಿನವರಿಗೆ ಹೇಗೆ ತಿಳಿಸುವುದು? ಅವರದು ನಂಬಿಕೆ, ನನ್ನದಕ್ಕೆ ಗಡಿಯಾರ ಇದೆ. ಏಳು ನಿಮಿಷ ಆಗುವಷ್ಟರಲ್ಲಿ ಅವರು ತಾಟು ಕೆಳಗಿಟ್ಟು ಮಲಗಿಬಿಟ್ಟಿದ್ದರು.

ಜೂನ್ ೨೮, ಶನಿವಾರ

ಮೊಸರು ಹೆಪ್ಪಾಗಲಿಲ್ಲ.

ಗಡಿಗೆಯನ್ನು ಬಿಟ್ಟರೆ ಉಳಿದದ್ದೆಲ್ಲ ಶುದ್ಧ ಮಾಡಿ ಏನು ಬಂತು ಎಂದು, ಅತ್ತೆ ಪೂಜೆಗೆ ಕೂತಾಗ ಅವರ ಮೊಸರಿನ ಗಡಿಗೆಯ ಒಳಗೂ ನಾಲ್ಕು ಸಲ ಹೊಡೆದಿದ್ದೆ. ಮಣ್ಣಿನ ಗಡಿಗೆ ಗಟಗಟ ಕುಡಿಯಿತು. ಹತ್ತು ನಿಮಿಷ ಒದ್ದೆಯಾಗಿ ಇಡಲು ಇನ್ನೂ ಎರಡು ಸಲ ಹೊಡೆಯಬೇಕಾಯಿತು. ಇವತ್ತು ನೋಡಿದರೆ ಹಾಲು ನೀರಾಗಿ ಮೇಲೆ ನಿಂತಿದೆ, ಕೆಳಗೆ ನೂಲಿನ ಹಾಗೆ ಎಳೆ ಎಳೆ, ಒಂದು ಗುಟುಕಿಗೆ ಬಾಯೆಲ್ಲ ಅಜವಾನ.

ಅತ್ತೆ ಗಡಿಗೆಯನ್ನು ಮೂಸಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮೊಸರಿಲ್ಲದ ರೊಟ್ಟಿಯನ್ನು ಎರಡು ತುತ್ತು ಮುರಿದು ತಾಟು ಸರಿಸಿದರು. ನಾನು ಮಳೆಗಾಲದ ಥಂಡಿಯ ಮೇಲೆ ತಪ್ಪು ಹೊರಿಸಿದೆ.

ಜುಲೈ ೩, ಗುರುವಾರ

ಆ ಗಡಿಗೆಯಲ್ಲೇ ಮತ್ತೆ ಮೂರು ಸಲ ಹೆಪ್ಪು ಹಾಕಿ ನೋಡಿದೆ. ಇದ್ದ ಹೆಪ್ಪೂ ಮುಗಿಯಿತು. ನನ್ನ ಗಂಡ ಸುಭಾಸ ನವಲಗುಂದದಿಂದ ಪಾಕೀಟು ಮೊಸರು ತಂದರು. ಅತ್ತೆ ಅದನ್ನು ಬೆರಳಿನಿಂದ ಮುಟ್ಟಿ, "ಪ್ಲಾಸ್ಟಿಕ್ ಹಡದ ಮೊಸರು ನಾ ಉಣ್ಣಂಗಿಲ್ಲ" ಎಂದರು. ಎರಡು ದಿನದಿಂದ ಬರೀ ಚಹಾ, ಅರ್ಧ ಬಾಳೆಹಣ್ಣು.

ಮಧ್ಯಾಹ್ನ ಜುಲೇಖಾಬಿ ಅತ್ತೆಯ ಬಾಯಿ ಕೆಟ್ಟಿದೆ ಎಂದು ಅಗಸಿ ಬೀಜ ಹುರಿದು ಖಾರದ ಹಿಂಡಿ ಕುಟ್ಟಿ ಡಬ್ಬಿಯಲ್ಲಿ ತಂದಿದ್ದರು. ಅತ್ತೆ ಮಲಗಿದ್ದರು, ನಾನೇ ಒಳಗೆ ಕರೆದೆ, ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಅವರು ಆ ಹೊಸ್ತಿಲು ದಾಟಿದ್ದು ಇದೇ ಮೊದಲು. ನನಗೆ ಒಳಗೊಳಗೇ ಹೆಮ್ಮೆ ಆಯಿತು. ಅವರು ಎದ್ದು ಹೋದ ಮೇಲೆ ಸ್ಟೂಲಿಗೆ, ಅವರು ಕೈ ಊರಿದ ಕಟ್ಟೆಗೆ, ಡಬ್ಬಿಗೆ ಎಲ್ಲ ಹೊಡೆಯುತ್ತಿದ್ದೆ. ತಿರುಗಿದರೆ ಜುಲೇಖಾಬಿ ಬಾಗಿಲಲ್ಲಿ ನಿಂತಿದ್ದಾರೆ. ಛತ್ರಿ ಮರೆತಿದ್ದರಂತೆ.

ಛತ್ರಿ ತೆಗೆದುಕೊಂಡು ಹೋದರು. ನಾನು ಹೊಡೆದದ್ದು ಹುಳಕ್ಕೆ, ಅವರಿಗಲ್ಲ. ಅತ್ತೆ ಅವರನ್ನು ಇಷ್ಟು ವರ್ಷ ಹೊರಗೆ ಕೂರಿಸಿದರು, ನಾನು ಒಳಗೆ ಕೂರಿಸಿದ್ದೇನೆ. ಒರೆಸಿದ್ದು ಆಮೇಲೆ. ಎರಡಕ್ಕೂ ವ್ಯತ್ಯಾಸ ಇಲ್ಲವೇ?

ಜುಲೈ ೭, ಸೋಮವಾರ

ಮೂವತ್ತೆಂಟು ಕಿಲೋ ಮುನ್ನೂರು ಗ್ರಾಂ.

ಅಲ್ಲಾಭಕ್ಷ ಇವತ್ತು ಚೇಷ್ಟೆ ಮಾಡಲಿಲ್ಲ. ಕಾಂಟಾದ ಅಂಕಿಯನ್ನು ಎರಡು ಸಲ ನೋಡಿದ. ನನಗೆ ಹೆದರಿಕೆ ಆಗಿದೆ. ಅತ್ತೆಯ ಜೊತೆ ಜಗಳ ಆಡಿದ್ದೇನೆ, ಅವರು ಸಾಯಲಿ ಎಂದು ಒಂದು ದಿನವೂ ಅಂದುಕೊಂಡಿಲ್ಲ.

ಸುಭಾಸ ಅಂಜುತ್ತಲೇ, "ಆ ಬಾಟ್ಲಿ ಒಂಚೂರು ಕಮ್ಮಿ ಮಾಡಿದ್ರ ಹೆಂಗ?" ಎಂದರು. ಮುಳುಗುವ ಹೊತ್ತಿನಲ್ಲಿ ದೋಣಿಯನ್ನೇ ಬಿಡು ಎನ್ನುವ ಗಂಡಸು! ಇವತ್ತಿನಿಂದ ದಿನಕ್ಕೆ ಎಂಟು ಸಲ.

ಜುಲೈ ೧೪, ಸೋಮವಾರ

ಮೂವತ್ತೊಂಬತ್ತು ಕಿಲೋ ಇನ್ನೂರು! ಏರಿದೆ! ಒಂದೇ ವಾರದಲ್ಲಿ!

ಅಚ್ಚರಿಯೆಂದರೆ ಅತ್ತೆ ಮನೆಯಲ್ಲಿ ಉಣ್ಣುವುದು ಹೊತ್ತಿಗೆ ಅರ್ಧ ರೊಟ್ಟಿ. ಅದನ್ನೂ ನನ್ನ ಸಮಾಧಾನಕ್ಕೆ ಎಂಬಂತೆ ಉಣ್ಣುತ್ತಾರೆ. ಆದರೂ ತೂಕ ಏರುತ್ತಿದೆ. ಈಗ ನನಗೆ ತಿಳಿಯಿತು: ಇಷ್ಟು ದಿನ ಅವರು ಉಂಡದ್ದರಲ್ಲಿ ಅರ್ಧ ಹುಳಗಳ ಪಾಲಾಗುತ್ತಿತ್ತು. ಹುಳ ಸತ್ತ ಮೇಲೆ ಅರ್ಧ ರೊಟ್ಟಿಯೂ ಪೂರ್ತಿ ಮೈಗೆ ಹತ್ತುತ್ತದೆ. ಇದನ್ನು ಸವಿತಾಗೆ ಫೋನಿನಲ್ಲಿ ಹೇಳಿದೆ. ಅವಳು ಕೂಡಲೇ, "ಇದನ್ನ ವಿಡಿಯೋದಾಗ ಹೇಳತೀಯೇನ?" ಎಂದಳು.

ಅತ್ತೆಗೆ ಓಡಾಡುವ ಕಸುವೂ ಬಂದಿದೆ. ದಿನಾ ಮಧ್ಯಾಹ್ನ ಬಸವಣ್ಣನ ಗುಡಿಗೆ ಭಜನೆಗೆ ಹೋಗುತ್ತಾರೆ. ನನಗೂ ಅನುಕೂಲ, ಆ ಹೊತ್ತಿನಲ್ಲಿ ಕಟ್ಟೆ ನಿಶ್ಚಿಂತೆಯಿಂದ ಒಣಗುತ್ತದೆ.

ಜುಲೈ ೨೯, ಮಂಗಳವಾರ

ಪಂಚಮಿ. ನಿನ್ನೆ ತೂಕ ನಲವತ್ತೊಂದೂವರೆ. ಆಸ್ಪತ್ರೆಯಿಂದ ಬಂದಾಗಲೂ ಇಷ್ಟಿರಲಿಲ್ಲ.

ಉಂಡಿ ಕಟ್ಟಲು ಓಣಿಯ ಹೆಂಗಸರು ಬಂದಿದ್ದರು. ಪ್ರತಿ ಸಲ ಹತ್ತು ಜನ, ಈ ಸಲ ಮೂವರು. ಬಂದವರ ಕೈಗೆ ಹೊಡೆದು, ಬಳೆ ಸರಿಸಿ, ಹತ್ತು ನಿಮಿಷ ಕೈ ಚಾಚಿಸಿ ನಿಲ್ಲಿಸಿದೆ. ಒಬ್ಬಳು "ಮದರಂಗಿ ಒಣಗಿಸಿದಂಗ ಆತು" ಎಂದು ನಕ್ಕಳು, ಆಮೇಲೆ ಉಂಡಿ ಕಟ್ಟದೆಯೇ ಕೆಲಸ ನೆನಪಾಯಿತು ಎಂದು ಹೋದಳು. ಸುಭಾಸ ಹೊಲದಿಂದ ಬಂದು ಪಡಸಾಲೆಯಲ್ಲೇ ಊಟ ಮಾಡುತ್ತಾರೆ. ನೀರು ಬೇಕಾದರೆ ಅಲ್ಲಿಂದಲೇ ಕೂಗುತ್ತಾರೆ, ನಾನು ಒಯ್ದು ಕೊಡುತ್ತೇನೆ. ಇವತ್ತು, "ನಮ್ಮವ್ವ ಮಡಿ ಮಾಡಿದಾಗ ನೀರರ ಒಳಗ ಹೋಗಿ ಕುಡೀತಿದ್ದೆ" ಎಂದರು. ಪಾಪ, ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕೆಲಸದಲ್ಲಿ ತಲೆ ಕೆಟ್ಟಿರಬೇಕು.

ಜುಲೇಖಾಬಿ ಪಂಚಮಿಗೂ ಬರಲಿಲ್ಲ. ಏನೋ ಕೆಲಸ ಇರಬಹುದು.

ಅತ್ತೆ ಭಜನೆ ಮುಗಿಸಿ ಬಂದಾಗ ಸೆರಗಿನ ಮೇಲೆ ಬಿಳಿ ಕಲೆ ಇತ್ತು. ಗುಡಿಯ ವಿಭೂತಿ ಇರಬೇಕು. ತೇಗುತ್ತಾ ಬಂದು ಮಲಗಿದರು.

ಆಗಸ್ಟ್ ೭, ಗುರುವಾರ

ಇವತ್ತಿನದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ನಿದ್ದೆ ಬರುವ ಹಾಗಿಲ್ಲ.

ಹನ್ನೊಂದರ ಬಸ್ಸಿಗೆ ಸವಿತಾ ಬಂದಳು. ಎರಡು ಪೆಟ್ಟಿಗೆ ಬಾಟಲಿ, ಮೊಬೈಲ್ ನಿಲ್ಲಿಸುವ ಕೋಲು, ಮುಖಕ್ಕೆ ಬೆಳಕು ಬಿಡುವ ದುಂಡು ದೀಪ. ಎಂಟು ಹೆಂಗಸರನ್ನು ನಾನೇ ಮನೆ ಮನೆಗೆ ಹೋಗಿ ಕರೆದು ಪಡಸಾಲೆಯಲ್ಲಿ ಕೂರಿಸಿದ್ದೆ. ಅತ್ತೆ ಕುರ್ಚಿಯ ಮೇಲೆ ಕೂತು ಎರಡು ಮಾತು ಹೇಳಬೇಕು, ನಾನು ಪಕ್ಕದಲ್ಲಿ ಬಾಟಲಿ ಹಿಡಿದು ನಿಲ್ಲಬೇಕು. ನಗುವುದನ್ನು ಕನ್ನಡಿಯ ಮುಂದೆ ರೂಢಿ ಮಾಡಿಕೊಂಡಿದ್ದೆ.

ಅತ್ತೆ ಇಲ್ಲ. ಗುಡಿಗೆ ಹೋದೆ. ಬಾಗಿಲಿಗೆ ಬೀಗ. ಕಟ್ಟೆಯ ಮೇಲೆ ಕೂತಿದ್ದ ಹೂವು ಮಾರುವ ಮಡಿವಾಳೆಪ್ಪಜ್ಜ ಕಣ್ಣು ಕಿರಿದು ಮಾಡಿ ನೋಡಿದರು.

"ಮಧ್ಯಾಹ್ನದಾಗ ಯಾವ ಭಜನಿ ತಂಗಿ? ನಿಮ್ಮತ್ತಿ ದಿನಾ ಅಲ್ಲಾಭಕ್ಷನ ಮನಿಗೆ ಹೊಕ್ಕಾಳಲ್ಲ. ಊಟಕ್ಕ."

ಊರಿಗೆಲ್ಲ ಗೊತ್ತಿತ್ತು. ನನ್ನ ಪಡಸಾಲೆಯಲ್ಲಿ ಕೂತ ಎಂಟು ಜನಕ್ಕೂ ಗೊತ್ತಿತ್ತು.

ಮೆಣಸಿನಕಾಯಿ ಚೀಲ ದಾಟಿ ಒಳಗೆ ಹೋದೆ. ಜುಲೇಖಾಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅತ್ತೆ ಮಣೆಯ ಮೇಲೆ ಕಾಲು ಮಡಚಿ ಕೂತು, ಬಿಸಿ ರೊಟ್ಟಿ ಮುರಿದು, ಗಟ್ಟಿ ಮೊಸರು, ಅಗಸಿ ಹಿಂಡಿ ಹಚ್ಚಿಕೊಂಡು ಉಣ್ಣುತ್ತಿದ್ದರು. ಒಂದು ಕೋಳಿ ಅವರ ಸೀರೆಯ ಅಂಚಿನ ಹತ್ತಿರ ಕೆದಕುತ್ತಿತ್ತು. ಇಪ್ಪತ್ತೆರಡು ವರ್ಷ ನನ್ನ ನೆರಳಿಗೂ ಹೆದರಿದ ಅತ್ತೆ ಆ ಕೋಳಿಗೆ ಒಂದು ಚೂರು ರೊಟ್ಟಿ ಹಾಕಿದರು.

"ಅತ್ತೀ!"

ಅತ್ತೆ ಬೆಚ್ಚಲಿಲ್ಲ. ತುತ್ತು ನುಂಗಿದ ಮೇಲೆ ತಲೆ ಎತ್ತಿದರು.

"ಯಾವಾಗಿಂದ ನಡದೈತ್ರಿ ಇದು?"

"ಹಸಿವು ತಡೀಲಾರದ ದಿನದಿಂದ. ಹಿಂದಕ ಕಾಂಟಾದ ಮ್ಯಾಲ ನಿಂತಾಗ ಕಣ್ಣಿಗೆ ಕತ್ತಲಿ ಬಂದಿತ್ತು. ಮರುದಿನ ಈಕಿ ಹಿತ್ತಲದಿಂದ ಬಂದು ಎಬ್ಬಿಸಿಕೊಂಡು ಬಂದಳು. ನೀ ಆಗ ಕಟ್ಟಿ ಒಣಗಸಾಕತ್ತಿದ್ದಿ."

"ಹಂಗಾದ್ರ ನಿಮ್ಮ ಮಡಿ?"

ಅತ್ತೆ ನಕ್ಕರು. ಅವರಿಗೆ ನಗಲು ಬರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು.

"ನಲವತ್ತ ವರ್ಷದ ಹೆಪ್ಪು ಅಂತ ಊರ ತುಂಬ ಹೇಳಿಕೋತ ಬಂದೆ. ಅದು ಎಷ್ಟ ಸಲ ಕೆಟ್ಟಿತ್ತೋ ಏನೋ! ಕೆಟ್ಟಾಗೊಮ್ಮೆ ಈಕೀನ ಹಿತ್ತಲ ಗ್ವಾಡಿ ಮ್ಯಾಲಿಂದ ಒಂದ ಬಟ್ಟಲ ಹೆಪ್ಪು ಕೊಡತಿದ್ದಳು. ನಮ್ಮ ಅತ್ತಿಗೂ ಗೊತ್ತಾಗಲಿಲ್ಲ, ನಿನಗೂ ಗೊತ್ತಾಗಲಿಲ್ಲ. ಮುಂಜಾನೆ ಈಕೀನ ಮುಟ್ಟಿದ್ದಕ್ಕ ಕೈ ತೊಳಕೊಂಡು, ಸಂಜಿಗೆ ಆ ಮೊಸರ ಉಂಡೀನಿ. ಹೇಳಾಕ ಧೈರ್ಯ ಇರಲಿಲ್ಲ, ಅಷ್ಟ."

ಜುಲೇಖಾಬಿ ನನ್ನ ಮುಖ ನೋಡದೆ ಹೇಳಿದರು: "ಅಕ್ಕಾಗ ಬ್ಯಾರೆ ಗಡಿಗಿ, ಬ್ಯಾರೆ ತಾಟ ಇಟ್ಟೀನಿ. ನಮ್ಮ ಅಡಗಿ ಅದಕ್ಕ ತಾಕಿಲ್ಲ. ಮನಸಿಗೆ ಹಚಗೊಬ್ಯಾಡ್ರಿ."

ರೀ ಹಚ್ಚಿ ಮಾತಾಡಿದರು. ಇಷ್ಟು ವರ್ಷ ಅವರು ನನಗೆ "ಏ ರೋಹಿಣಿ" ಎನ್ನುತ್ತಿದ್ದರು.

ಆ ಹೊತ್ತಿನಲ್ಲಿ ನಾನು ಏನು ಹೇಳಬೇಕಿತ್ತು, ಏನು ಹೇಳಿದೆ! "ಮನ್ಯಾಗ ಎಂಟ ಮಂದಿ ಕೂತಾರ್ರಿ ಅತ್ತಿ. ನನ್ನ ಮರ್ಯಾದಿ ಹೋಗತೈತಿ. ಬಂದು ಎರಡ ಮಾತ ಹೇಳ್ರಿ" ಎಂದೆ.

ಅತ್ತೆ ಕೈ ತೊಳೆದು ಎದ್ದರು. ಬಂದು ಕುರ್ಚಿಯ ಮೇಲೆ ಕೂತರು. ಸವಿತಾ ದೀಪ ಹಚ್ಚಿ, "ಅಜ್ಜಿ, ನಿಮ್ಮ ಸೊಸಿ ಅಡಗಿಮನಿ ಹೆಂಗ ಇಟಗೊಂಡಾರ, ಹೇಳ್ರಿ" ಎಂದಳು.

ಅತ್ತೆ ಮೊಬೈಲನ್ನೇ ನೋಡುತ್ತಾ, ಪುರಾಣ ಹೇಳುವವರ ಹಾಗೆ ನಿಧಾನವಾಗಿ ಹೇಳಿದರು: "ಅಗದಿ ಸ್ವಚ್ಛ ಇಟಗೊಂಡಾಳವಾ. ಒಂದ ನೊಣ ಇಲ್ಲ, ಒಂದ ಇರಿವಿ ಇಲ್ಲ, ಒಂದ ಹುಳ ಇಲ್ಲ. ನಾನೂ ಇಲ್ಲ."

ಯಾರೋ ಒಬ್ಬರು ಬಾಯಿಗೆ ಸೆರಗು ಹಿಡಿದರು. ಆಮೇಲೆ ಎಂಟೂ ಜನ ನಕ್ಕರು. ನಾನು ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ರೂಢಿ ಮಾಡಿಕೊಂಡ ನಗು ಮುಖದ ಮೇಲೆ ಹಾಗೇ ಇತ್ತಂತೆ, ಸುಭಾಸ ಹೇಳಿದರು.

ಆಗಸ್ಟ್ ೮, ಶುಕ್ರವಾರ

ಸವಿತಾ ವಿಡಿಯೋ ಕಳಿಸಿದಳು. ಅತ್ತೆಯ ಕೊನೆಯ ಎರಡು ಶಬ್ದ ಕತ್ತರಿಸಿದ್ದಾಳೆ. ನೋಡಿದವರೆಲ್ಲ ಮೆಚ್ಚಿ ಮೊಬೈಲಿನಲ್ಲಿ ಹೂವಿನ ಚಿತ್ರ ಕಳಿಸುತ್ತಿದ್ದಾರೆ.

ಬಾಟಲಿಯ ಹಿಂದೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಕನ್ನಡಕ ಹಾಕಿಕೊಂಡು ಓದಿದೆ. ಊಟದ ಪಾತ್ರೆಗೆ ಬಳಸಿದರೆ ನೀರಿನಿಂದ ಚೆನ್ನಾಗಿ ತೊಳೆಯಿರಿ, ಮಣ್ಣಿನ ಪಾತ್ರೆಗೆ ಬಳಸಬೇಡಿ ಎಂದಿದೆ. ಬಾಟಲಿ ತಾನು ಮಾಡುವುದನ್ನು ಸರಿಯಾಗಿಯೇ ಮಾಡಿದೆ. ಅದಕ್ಕೆ ದಿನಕ್ಕೆ ಎಂಟು ಸಲ ಕೆಲಸ ಹೇಳಿದವಳು ನಾನು. ನನಗೆ ನಾಚಿಕೆ ಆಗುತ್ತಿದೆ. ಅತ್ತೆಯ ಮುಂದೆ ಒಂದು ಪಟ್ಟು, ಜುಲೇಖಾಬಿಯ ಮುಂದೆ ಹತ್ತು ಪಟ್ಟು.

ಆಗಸ್ಟ್ ೧೧, ಸೋಮವಾರ

ನಲವತ್ತೆರಡು ಕಿಲೋ ಎಂಟುನೂರು. ಇದರಲ್ಲಿ ನನ್ನ ಪಾಲು ಒಂದು ಗ್ರಾಂ ಕೂಡ ಇಲ್ಲ.

ಸಂತೆಯಿಂದ ಹೊಸ ಗಡಿಗೆ ತರಿಸಿ, ಬರೀ ಬಿಸಿನೀರಿನಿಂದ ತೊಳೆದು, ಸಂಜೆಗೆ ಬಟ್ಟಲು ಹಿಡಿದು ಬಾಜು ಮನೆಗೆ ಹೋದೆ. "ಚಿಗವ್ವಾ, ಒಂಚೂರು ಹೆಪ್ಪು ಬೇಕಾಗಿತ್ರಿ" ಎಂದೆ. ಆವತ್ತಿನ ಸ್ಟೂಲಿನ ಮಾತು ಎತ್ತಬೇಕೆಂದು ದಾರಿಯಲ್ಲಿ ಹತ್ತು ಸಲ ಅಂದುಕೊಂಡಿದ್ದೆ. ಎರಡು ಮನೆಯ ನಡುವೆ ಇರುವುದೇ ಹದಿನೈದು ಹೆಜ್ಜೆ, ಬಾಗಿಲಿಗೆ ಬಂದಾಗ ಬಟ್ಟಲನ್ನಷ್ಟೇ ಮುಂದೆ ಚಾಚಿದೆ.

ಜುಲೇಖಾಬಿ ಇಲ್ಲ ಅನ್ನಲಿಲ್ಲ. ಒಳಗೆ ಹೋಗಿ ಮೊಸರಿನ ಸೌಟು ಹಿಡಿದುಕೊಂಡು ಬಾಗಿಲಿಗೇ ಬಂದರು. ಸೌಟು ನನ್ನ ಬಟ್ಟಲಿಗೆ ತಾಗದ ಹಾಗೆ, ಒಂದು ಗೇಣು ಮೇಲಿನಿಂದ ಬಿಟ್ಟರು.

"ತಾಗಿಸ್ರಿ ಚಿಗವ್ವಾ, ಏನಾಗಂಗಿಲ್ಲ" ಎಂದೆ.

"ಇರಲಿ ಬಿಡ್ರಿ. ನಿಮಗ ಮತ್ತ ಒರಸೂ ಕೆಲಸ ಆಗತೈತಿ."

ಕೋಪ ಇರಲಿಲ್ಲ ಆ ದನಿಯಲ್ಲಿ. ಕೋಪ ಇದ್ದಿದ್ದರೆ ಕಾಲಿಗೆ ಬೀಳಬಹುದಿತ್ತು.

ಆಗಸ್ಟ್ ೧೨, ಮಂಗಳವಾರ

ಹೆಪ್ಪು ಹಿಡಿದಿದೆ. ಗಡಿಗೆ ಓರೆ ಮಾಡಿದರೂ ಅಲುಗದಷ್ಟು ಗಟ್ಟಿ, ಮೇಲೆ ಕೆನೆ. ರೊಟ್ಟಿ ಬಡಿದು, ಗಡಿಯಾರ ನೋಡದೆ, ಮಣೆ ಹಾಕಿ ಅತ್ತೆಯನ್ನು ಕರೆದೆ.

ಅತ್ತೆ ಬಂದು ಹೊಸ್ತಿಲ ಮೇಲೆ ನಿಂತರು. ಗಡಿಗೆಯಲ್ಲಿ ಬೆರಳು ಅದ್ದಿ ನೆಕ್ಕಿದರು. "ಛಲೋ ಆಗೇತಿ" ಎಂದು ನನ್ನ ಬೆನ್ನು ತಟ್ಟಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಆಮೇಲೆ ಸೆರಗು ಹೊದ್ದುಕೊಂಡು, "ಆಕಿ ದಾರಿ ನೋಡತಿರತಾಳ" ಎಂದು ಬಾಜು ಮನೆಗೆ ಊಟಕ್ಕೆ ಹೋದರು.

ಮೊಸರು ನಿಜವಾಗಿಯೂ ಚೆನ್ನಾಗಿತ್ತು. ಒಬ್ಬಳೇ ಕೂತು ಉಂಡೆ.